ಕೆಂದನ ಕಿವಿಯಲ್ಲಿ ಹುಲಿಗೆವ್ವ ಕೊಟ್ಟ ಮಾತು

ಕೇಳುವವರು ಹತ್ತಿರ ಬನ್ನಿ. ನಡುವೆ ಎದ್ದು ಹೋಗುವವರು ಈಗಲೇ ಬಾಗಿಲ ಕಡೆ ಕೂತುಕೊಳ್ಳಿ, ಆಮೇಲೆ ಯಾರ ಕಾಲನ್ನೂ ತುಳಿಯಬೇಡಿ.

ಒಂದೂರಿತ್ತಂತೆ. ಆ ಊರಿಗೊಂದು ಹೆಸರೂ ಇತ್ತು, ಆದರೆ ನನಗೆ ಈ ಕಥೆ ಹೇಳಿದ ಸೋದರತ್ತೆಗೇ ಅದು ಮರೆತುಹೋಗಿತ್ತು. ಊರಿನ ತೆಂಕಣ ದಿಕ್ಕಿಗೆ ತೊಗಲು ಕೆಲಸದವರ ಕೇರಿ. ಮೆಟ್ಟು ಹೊಲಿಯುವವರು, ತಮಟೆ ಬಿಗಿಯುವವರು, ಕಮ್ಮಾರನಿಗೆ ಗಾಳಿ ಊದುವ ತಿದಿ ಮಾಡಿಕೊಡುವವರು, ಬಾವಿಗೆ ಬಾನಿ ಹೊಲಿಯುವವರು, ಎಲ್ಲರೂ ಅಲ್ಲೇ ಇದ್ದರು. ಬಾನಿ ಅಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಇಡೀ ಒಂದು ಎತ್ತಿನ ತೊಗಲನ್ನು ದೊಡ್ಡ ಚೀಲದ ಹಾಗೆ ಹೊಲಿದು, ಬಾಯಿಗೆ ಕಬ್ಬಿಣದ ಬಳೆ ಕೂರಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಬಿಡುತ್ತಿದ್ದರು. ಎತ್ತುಗಳು ಹಗ್ಗ ಜಗ್ಗಿಕೊಂಡು ಇಳಿಜಾರಿನಲ್ಲಿ ನಡೆದರೆ ತುಂಬಿದ ಬಾನಿ ಮೇಲೆ ಬರುತ್ತಿತ್ತು. ಇಡೀ ಊರು ಕುಡಿಯುತ್ತಿದ್ದದ್ದು ಹಾಗೆ ಬಂದ ನೀರನ್ನು.

ಆ ಕೇರಿಯಲ್ಲಿ ಒಂದು ಪದ್ಧತಿ ಇತ್ತಂತೆ. ಸತ್ತ ದನದ ತೊಗಲು ಮನೆಗೆ ಬಂದರೆ, ಅದಕ್ಕೆ ರಂಪಿಗೆ ಇಡುವ ಮೊದಲು, ಅಂದರೆ ಕೊಯ್ಯುವ ಚೂರಿ ಇಡುವ ಮೊದಲು, ದನದ ಹೆಸರು ಕೇಳಿ ತಿಳಿದುಕೊಳ್ಳಬೇಕು. ಆಮೇಲೆ ತೊಗಲಿನ ಕಿವಿ ಹಿಡಿದು, ಆ ಕಿವಿಯೊಳಗೆ ಮಾತು ಕೊಡಬೇಕು: "ನಿನ್ನ ತೊಗಲು ಕೆಡಸಂಗಿಲ್ಲ, ಕೆಲಸಕ್ಕ ಹಚ್ಚತೀನಿ." ಕಿವಿಯನ್ನು ಮಾತ್ರ ಬೇರೆ ತೆಗೆದು ಬಾಗಿಲಿಗೆ ತೂಗುಹಾಕಬೇಕು. ಮಾಡಿದ ವಸ್ತು ಕೆಲಸಕ್ಕೆ ಹೋದ ದಿನ ಆ ಕಿವಿಯನ್ನು ಇಳಿಸಬೇಕು. ಅಲ್ಲಿಯವರೆಗೆ ಆ ದನದ ಜೀವಕ್ಕೆ ದಾರಿ ಸಿಗುವುದಿಲ್ಲ, ಅಲ್ಲೇ ಸುತ್ತಮುತ್ತ ನಿಂತಿರುತ್ತದೆ ಅಂತ ಕೇರಿಯವರ ನಂಬಿಕೆ. ಹಾಗಾಗಿ ಅಲ್ಲಿ ತೊಗಲು ಕೆಡಿಸುವುದು ಸಣ್ಣ ವಿಷಯವಲ್ಲ.

ಆ ಕೇರಿಯಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡ ಮೇಲೆ ಅವನ ಉಳಿ, ದಬ್ಬಳ ಇವಳ ಕೈಗೆ ಬಂದವು, ಬಂದ ಮೇಲೆ ಅವನ ಕೈಯಲ್ಲಿದ್ದಾಗಿನದಕ್ಕಿಂತ ಚೆನ್ನಾಗಿ ಓಡಿದವು. ಪಾಪ, ಅವನು ಕೇಳಿಸಿಕೊಂಡರೂ ಬೇಜಾರು ಮಾಡಿಕೊಳ್ಳುವವನಲ್ಲ. ಕೇರಿಯಲ್ಲಿ ಯಾರ ಕೆಲಸ ಕೆಟ್ಟರೂ ಅದು ಹುಲಿಗೆವ್ವನ ಜಗಲಿಗೆ ಬರುತ್ತಿತ್ತು. ತೂತು ತಪ್ಪಿದ ಜಾಗದಲ್ಲಿ ಬಿದ್ದರೆ, ಅದರ ಸುತ್ತ ಇನ್ನಷ್ಟು ತೂತು ಹೊಡೆದು ಹೂವು ಮಾಡಿಬಿಡುತ್ತಿದ್ದಳು. ವಾರು ಗಿಡ್ಡಾದರೆ ನೆನೆಸಿ, ಕಲ್ಲು ಕಟ್ಟಿ ಸೂರಿಗೆ ತೂಗುಬಿಡುತ್ತಿದ್ದಳು. ಎಣ್ಣೆ ಚೆಲ್ಲಿ ಕಲೆಯಾದರೆ, ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕಿದ ಮಸಿ ಬಳಿದು ಇಡೀ ತೊಗಲನ್ನೇ ಕಪ್ಪು ಮಾಡಿ, "ಈಗ ಹುಡುಕು ನಿನ್ನ ಕಲೀನ" ಅನ್ನುತ್ತಿದ್ದಳು.

ಆದರೆ ಕೈ ಹಚ್ಚುವ ಮೊದಲು ಒಂದು ಶರತ್ತು. ಸೊಂಟದ ಮೇಲೆ ಕೈ ಇಟ್ಟು ಕೇಳುತ್ತಿದ್ದಳು: "ಮೊದಲ ಬಾಯಿಲೆ ಹೇಳು. ತಪ್ಪು ಏನು? ತಪ್ಪು ಯಾರ್ದು?"

ಗಾಳಿ ಬೀಸಿತು, ಉಳಿ ಜಾರಿತು, ಒಳಗಿಂದ ಹೆಂಡತಿ ಕರೆದಳು ಅಂತ ಹೇಳಿದವರಿಗೆ, "ಹಂಗಾರ ಗಾಳೀನ ಬಂದು ಹೊಲೀಲಿ" ಅಂತ ಕಳಿಸಿಬಿಡುತ್ತಿದ್ದಳು. "ನನ್ನ ಕೈ ತಪ್ಪಿತವ್ವ" ಅಂದವರ ಕೆಲಸ ಮಾತ್ರ ಸರಿಯಾಗುತ್ತಿತ್ತು. ಸರಿಮಾಡಿ ಕೊಡುವಾಗ ಕೊನೆಗೊಂದು ಮಾತು ಸೇರಿಸುತ್ತಿದ್ದಳು: "ನನ್ನ ಕೈಯಾಗ ಇಂಥಾದ್ದು ಆಗಂಗಿಲ್ಲ ನೋಡು." ಆ ಒಂದು ಮಾತು ಅವಳು ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಟ್ಟಿದ್ದರೆ ನಮಗೆ ಈ ಕಥೆಯೂ ಇರುತ್ತಿರಲಿಲ್ಲ ಅನ್ನಿ.

ಒಂದು ದಿನ ಸಂಕವ್ವ ಅನ್ನುವ ಮುದುಕಿ ತನ್ನ ಎತ್ತಿನ ತೊಗಲು ಹೊರಿಸಿಕೊಂಡು ಬಂದಳಂತೆ. ಅವಳಿಗೆ ಮಕ್ಕಳಿಲ್ಲ ಮರಿಗಳಿಲ್ಲ, ಇದ್ದದ್ದು ಆ ಒಂದು ಎತ್ತು.

"ಇವನ ಹೆಸರು ಕೆಂದ" ಅಂದಳು ಸಂಕವ್ವ. "ಜೀವ ಇರೂತನಕ ಊರಮಂದಿಗೆಲ್ಲ ನೀರು ಜಗ್ಗಿದ. ಒಂದು ಗುಟುಕು ಕುಡಿಯೂದ್ರಾಗ ಮತ್ತ ತಿರುಗು ಅಂತಿದ್ರು. ಇವನ್ನ ಬಾನಿ ಮಾಡಿಕೊಡವ್ವ. ಆ ಬಾವ್ಯಾಗ ತಾನ ಇಳಿದು ಹೊಟ್ಟಿ ತುಂಬ ಕುಡೀಲಿ."

ಸುಮ್ಮಸುಮ್ಮನೆ ಕರಗುವ ಹೆಂಗಸಲ್ಲ ಹುಲಿಗೆವ್ವ, ಆದರೂ ತೊಗಲಿನ ಕಿವಿ ಹಿಡಿದು ಎಲ್ಲರಿಗೂ ಕೊಡುವ ಮಾತಿಗಿಂತ ಒಂದು ತೂಕ ಹೆಚ್ಚೇ ಕೊಟ್ಟಳು: "ಕೆಂದಾ, ನಿನ್ನ ತೊಗಲು ಕೆಡಸಂಗಿಲ್ಲ. ನಿನ್ನ ನಡುವ ಬ್ಯಾರೆಯವರ ತೊಗಲು ಕೂಡಸಂಗಿಲ್ಲ. ಬಾವಿ ತೊಳಿಯೂ ದಿನಕ್ಕ ನೀನ ಇಳೀತಿ, ನೀನ ಕುಡೀತಿ."

ಬಾವಿ ತೊಳೆಯುವ ದಿನ ಅಂದರೆ ವರ್ಷಕ್ಕೊಮ್ಮೆ ಹೂಳು ತೆಗೆದು ಹೊಸ ಬಾನಿ ಇಳಿಸುವ ದಿನ. ಅವತ್ತು ಇಳಿಯದ ಬಾನಿ ಮತ್ತೊಂದು ವರ್ಷ ಕಾಯಬೇಕು. ಆ ದಿನ ದೂರವಿರಲಿಲ್ಲ.

ಹುಲಿಗೆವ್ವ ತೊಗಲನ್ನು ಸುಣ್ಣದಲ್ಲಿ ಹಾಕಿ ಕೂದಲು ತೆಗೆದಳು, ತಂಗಡಿ ಗಿಡದ ತೊಗಟೆಯ ರಸದಲ್ಲಿ ಮುಳುಗಿಸಿ ಹದ ಮಾಡಿದಳು, ನೆರಳಲ್ಲಿ ತೂಗುಹಾಕಿದಳು. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ನೆರಳಲ್ಲಿ ಒಣಗಿದ ತೊಗಲು ಪೂರ್ತಿ ನೀರು ಬಿಟ್ಟಿದೆಯೋ ಇಲ್ಲವೋ ನೋಡುವುದಕ್ಕೆ ಕೈ ಸಾಲದು, ಗಲ್ಲಕ್ಕೆ ಒತ್ತಿಕೊಂಡು ನೋಡಬೇಕು. ತಣ್ಣಗೆ ತಾಕಿದರೆ ಇನ್ನೂ ಹಸಿ ಅಂತ ಅರ್ಥ. ಹಸಿ ತೊಗಲಿಗೆ ಅಳತೆ ಹಿಡಿದು ಕೊಯ್ದರೆ, ಒಣಗುತ್ತ ಒಣಗುತ್ತ ಅದು ಒಳಗೆ ಎಳೆದುಕೊಂಡು ಅಳತೆಯೇ ಬೇರೆಯಾಗುತ್ತದೆ.

ಎದುರುಮನೆಯ ಗಾಳೆಪ್ಪ ಮೆಟ್ಟು ಹೊಲಿಯುವವನು. ಕೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಕೆಡಿಸಿ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನೂ ಅವನೇ. ಅವನು ಬಂದು ತೊಗಲಿಗೆ ಗಲ್ಲ ಒತ್ತಿ, "ಇನ್ನಾ ತಣ್ಣಗೈತಿ ನೋಡಬೇ" ಅಂದನಂತೆ.

"ನಿನ್ನ ಗಲ್ಲ ತಣ್ಣಗೈತಿ" ಅಂದಳು ಹುಲಿಗೆವ್ವ. "ನನ್ನ ಕೈಗೆ ಗೊತ್ತಾಗತೈತಿ, ಗಲ್ಲ ಯಾಕ ಬೇಕು?"

ನಿಜ ಹೇಳಬೇಕೆಂದರೆ, ಅವನು ಹೋದ ಮೇಲೆ ಅವಳೂ ಒಮ್ಮೆ ಗಲ್ಲ ಒತ್ತಿ ನೋಡಿದಳು. ತಣ್ಣಗೇ ಇತ್ತು. ಆದರೆ ಗಾಳೆಪ್ಪ ಹೇಳಿದ್ದು ಸರಿ ಅಂತ ಒಪ್ಪಿ ಕಾಯುವುದೇ? ರಂಪಿಗೆ ಎತ್ತಿ ಕೊಯ್ದೇಬಿಟ್ಟಳು. ಹೊಲಿಗೆ ಹಾಕಿ, ನೆರಳಿಗೆ ತೂಗುಬಿಟ್ಟಳು. ಕಿವಿಯನ್ನು ಬಾಗಿಲಿಗೆ ಕಟ್ಟಿದಳು. ಉಳಿದ ತುಂಡುಗಳನ್ನು ಎಂದಿನ ಹಾಗೆ ಬೇರೆಯವರ ತಪ್ಪು ತಿದ್ದುವುದಕ್ಕೆ ಬಳಸಿದಳು. ಗಾಳೆಪ್ಪನ ಮೆಟ್ಟಿಗೆ ಒಂದು ಪಟ್ಟಿ, ತಮಟೆಯ ಯಮನಪ್ಪನಿಗೆ ಒಂದು ತುಂಡು, ದುರುಗವ್ವ ಮಾಡುತ್ತಿದ್ದ ತಿದಿಯ ಮೂತಿಗೆ ಒಂದು ತುಂಡು. ಕೊಡುವಾಗ ಮೂವರಿಗೂ, "ನನ್ನ ಕೈಯಾಗ ಇಂಥಾದ್ದು ಆಗಂಗಿಲ್ಲ" ಅನ್ನುವುದನ್ನು ಮರೆಯಲಿಲ್ಲ.

ಬಾನಿ ಒಣಗಿತು. ಹುಲಿಗೆವ್ವ ಕಬ್ಬಿಣದ ಬಳೆ ತಂದು ಬಾಯಿಗೆ ಕೂರಿಸಿದಳು. ಕೂರಲಿಲ್ಲ. ತಿರುಗಿಸಿ ಕೂರಿಸಿದಳು. ಕೂರಲಿಲ್ಲ. ಬಾನಿಯ ಬಾಯಿ ಒಂದು ಗೇಣು ಕಿರಿದಾಗಿತ್ತು. ಅವಳು ಬಳೆಯನ್ನು ನೋಡಿದಳು, ಬಾನಿಯನ್ನು ನೋಡಿದಳು, ಬಳೆ ಬಡಿದ ಕಮ್ಮಾರನನ್ನು ಬೈದಳು. ಬೈದು ಮುಗಿದ ಮೇಲೂ ಬಾಯಿ ಕಿರಿದಾಗಿಯೇ ಇತ್ತು.

ಆಗ ನಡುಮಧ್ಯಾಹ್ನ. ಹಿಂದಿನಿಂದ ಯಾರೋ ಉಸಿರು ಬಿಟ್ಟ ಹಾಗಾಯಿತು. ತಿರುಗಿ ನೋಡಿದರೆ, ಬಾಗಿಲಿಗೆ ಕಟ್ಟಿದ ಕಿವಿಯ ಕೆಳಗೆ ಕೆಂದ ಮಲಗಿಕೊಂಡು ಮೆಲುಕು ಹಾಕುತ್ತಿದ್ದನಂತೆ. ಬಿಸಿಲು ಅವನ ಮೈಯೊಳಗಿಂದ ಹಾದು ಹೊಸ್ತಿಲ ಮೇಲೆ ಬೀಳುತ್ತಿತ್ತು.

"ಹೆದರಬ್ಯಾಡ" ಅಂದ ಕೆಂದ. "ನನಗೇನು ಅವಸರ ಇಲ್ಲ. ಬಾಯಾರೇತಿ, ಅಷ್ಟ."

"ಇನ್ನೇನು ಆಯಿತು" ಅಂದಳು ಹುಲಿಗೆವ್ವ. "ಒಂದೀಟು ಕೆಲಸ ಉಳದೈತಿ."

"ಕಾಣತೈತಿ" ಅಂದ ಕೆಂದ.

ಹುಲಿಗೆವ್ವ ಹೆದರುವವಳಲ್ಲ. ಕೇರಿಯ ಎಲ್ಲರ ತಪ್ಪು ತಿದ್ದಿದವಳಿಗೆ ಇದೊಂದು ಕಷ್ಟವೇ? ಬಾನಿಯ ಬಾಯನ್ನು ನೀರಲ್ಲಿ ನೆನೆಸಿ, ನಾಲ್ಕೂ ಕಡೆ ಕಲ್ಲು ಕಟ್ಟಿ ಎಳೆದಳು. ತೊಗಲು ಹಿಗ್ಗಿತು, ಆದರೆ ದಾರ ಹಿಗ್ಗಲಿಲ್ಲ. ಹೊಲಿಗೆಯ ದಾರ ತೂತುಗಳನ್ನು ಕೊಯ್ದುಕೊಂಡು ಸೀಳು ಮಾಡಿತು. ತೊಗಲಿನಲ್ಲಿ ಎಲ್ಲವನ್ನೂ ಬಿಚ್ಚಬಹುದು, ತೂತನ್ನು ಮಾತ್ರ ಬಿಚ್ಚುವುದಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಸಂಕವ್ವ ಬಂದು ಬೀದಿಯಿಂದಲೇ ಕೇಳಿದಳು, "ಮುಗೀತೇನವ್ವ?"

"ಒಣಗಾಕ ಇಟ್ಟೀನಿ" ಅಂದಳು ಹುಲಿಗೆವ್ವ.

ಕೆಂದ ಮೆಲುಕು ಹಾಕುವುದನ್ನು ನಿಲ್ಲಿಸಿ ಅವಳನ್ನು ನೋಡಿದ.

ಮರುದಿನ ಹುಲಿಗೆವ್ವ ಬಾನಿಯನ್ನು ಬಾಯಿಂದ ಕೆಳಕ್ಕೆ ಸೀಳಿದಳು. ಅಟ್ಟದ ಮೇಲಿದ್ದ ಎಮ್ಮೆ ತೊಗಲಿನಲ್ಲಿ ಒಂದು ಪಟ್ಟಿ ಕೊಯ್ದು ಆ ಸೀಳಿಗೆ ಕೂಡಿಸಿದಳು. ಎಮ್ಮೆ ತೊಗಲು ದಪ್ಪ, ಎತ್ತಿನ ತೊಗಲು ತೆಳು, ಯಾರು ನೋಡಿದರೂ ಗೊತ್ತಾಗುತ್ತದೆ. ಗೊತ್ತಾಗಬಾರದು ಅಂತ ಬೆಲ್ಲದ ಮಸಿ ತಂದು ಇಡೀ ಬಾನಿಗೆ ಬಳಿದಳು. ಬಳೆ ಸರಿಯಾಗಿ ಕೂತಿತು. ಬೆವರು ಒರೆಸಿಕೊಂಡು ತಿರುಗಿ ನೋಡಿದರೆ, ಕೆಂದನ ಪಕ್ಕದಲ್ಲಿ ಒಂದು ಎಮ್ಮೆ ಮಲಗಿತ್ತಂತೆ! ಬಂಡೆಗಲ್ಲಿನಷ್ಟು ದಪ್ಪ. ಬದುಕಿದ್ದಾಗ ಅದಕ್ಕೆ ಚಿಗರಿ, ಅಂದರೆ ಜಿಂಕೆ, ಅಂತ ಹೆಸರಿಟ್ಟಿದ್ದರು.

"ಯಾರದು ನನ್ನ ಕರೆದದ್ದು?" ಅಂತ ಗದರಿತು ಚಿಗರಿ. "ಹೆಸರು ಕೇಳಲಿಲ್ಲ, ಕಿವಿ ಹಿಡೀಲಿಲ್ಲ, ಕದ್ದು ಕೂಡಿಸಿ ಮಸಿ ಬಳೀತಾಳ. ನಾ ಏನು ಮುಚ್ಚಳೇನು?"

"ನನ್ನ ನಡುವ ಬ್ಯಾರೆಯವರನ್ನ ಕೂಡಸಂಗಿಲ್ಲ ಅಂದಿದ್ದಿ" ಅಂದ ಕೆಂದ ಮೆಲ್ಲಗೆ. "ಅಂದಂಗ, ನನ್ನ ಕುತ್ತಿಗಿ ಎಲ್ಲೈತಿ? ಬೆಳಿಗ್ಗಿಂದ ಹುಡುಕೇನಿ, ಸಿಗವಲ್ದು."

"ಗಾಳೆಪ್ಪನ ಕಾಲಾಗೈತಿ" ಅಂದಳು ಹುಲಿಗೆವ್ವ. ಅಂದವಳೇ ತುಟಿ ಕಚ್ಚಿಕೊಂಡಳು.

"ಹೊಟ್ಟಿ?"

"ತಮಟ್ಯಾಗೈತಿ."

"ಹಿಂಗಾಲು?"

"ಕಮ್ಮಾರನ ತಿದಿ ಮೂತಿಗೆ."

ಕೆಂದ ಉಸಿರು ಬಿಟ್ಟ. "ಹಂಗಾರ ನಾ ಒಬ್ಬನ ಅಷ್ಟು ಕಡೆ ಕೆಲಸಕ್ಕ ಹೋಗೇನಿ, ಕುಡಿಯಾಕ ಮಾತ್ರ ಎಲ್ಲಿಯೂ ನೀರಿಲ್ಲ." ಹೀಗಂದು ಒಣಗಿದ ನಾಲಿಗೆಯಿಂದ ಮೂಗು ನೆಕ್ಕಿಕೊಂಡ.

ಹುಲಿಗೆವ್ವ ಬಾನಿಯ ಪಕ್ಕದಲ್ಲಿ ಕೂತಳು. ಮೊದಲ ಸಲ ಅವಳಿಗೆ ನಾಚಿಕೆಯಾಯಿತು. ಮುದುಕಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆ, ಸತ್ತ ಎತ್ತನ್ನು ಬಾಯಾರಿಸಿದ್ದಕ್ಕೆ ಅದಕ್ಕಿಂತ ನಾಚಿಕೆ. "ಏನು ಮಾಡಲಿ ಹೇಳು" ಅಂದಳು.

"ನನಗೇನು ಗೊತ್ತು, ನಾ ಎತ್ತು" ಅಂದ ಕೆಂದ. "ಈ ಜಗಲಿ ಮ್ಯಾಲ ಬಂದವರಿಗೆಲ್ಲ ನೀ ಏನೋ ಕೇಳತಿದ್ದೆಲ್ಲ, ಅದನ್ನ ನಿನಗ ಯಾರರ ಕೇಳ್ಯಾರೇನು?"

ಹುಲಿಗೆವ್ವ ಎದ್ದು, ಎಮ್ಮೆ ತೊಗಲಿನ ಪಟ್ಟಿಯನ್ನು ಬಿಚ್ಚಿ ತೆಗೆದಳು. ಸೆರಗು ಬಿಗಿದಳು. ತಪ್ಪು ಒಪ್ಪಿಕೊಳ್ಳುವುದಕ್ಕೆ ಹೋಗುವವರು ತಲೆ ತಗ್ಗಿಸಿ ಗೋಡೆಯ ಬದಿ ಹಿಡಿದು ಹೋಗುತ್ತಾರಲ್ಲ, ಹಾಗೆ ಹೋಗಲಿಲ್ಲ ಅವಳು. ಸೀಳಿದ ಬಾನಿಯನ್ನು ಹೆಗಲ ಮೇಲೆ ಹಾಕಿಕೊಂಡು, ಕೇರಿಯ ನಟ್ಟನಡುವೆ ನಡೆದಳು, ಎಲ್ಲರಿಗೂ ಕಾಣುವ ಹಾಗೆ.

ಮೊದಲು ಹೋದದ್ದು ಸಂಕವ್ವನ ಮನೆಗೆ. "ಯವ್ವಾ, ನಾ ನಿನಗ ಸುಳ್ಳು ಹೇಳೀನಿ. ಹಸಿ ತೊಗಲು ಕೊಯ್ದೆ, ಬಾನಿ ಗಿಡ್ಡಾತು. ತಪ್ಪು ನಂದು. ಗಾಳೀದಲ್ಲ, ಕಮ್ಮಾರಂದಲ್ಲ, ನಂದು."

ಸಂಕವ್ವ ಬಾನಿಯ ಸೀಳಿನ ಮೇಲೆ ಕೈಯಾಡಿಸಿದಳು. ಬೈದಿದ್ದರೆ ಹುಲಿಗೆವ್ವನಿಗೆ ಹಗುರವಾಗುತ್ತಿತ್ತು.

"ಕೆಂದನೂ ಒಮ್ಮೊಮ್ಮೆ ದಾರಿ ಬಿಡತಿದ್ದ" ಅಂದಳು ಸಂಕವ್ವ. "ನಾ ಹೊಡೀತಿರಲಿಲ್ಲ. ಹಗ್ಗ ಹಿಡಿದು ತಿರುಗಸತಿದ್ದೆ. ನಡಿ, ನೀನೂ ತಿರುಗು. ಬಾವಿ ತೊಳಿಯೂದು ನಾಳೆ ಐತಿ."

ಅಲ್ಲಿಂದ ಗಾಳೆಪ್ಪನ ಮನೆ. ಅವನು ಬಾಗಿಲಲ್ಲೇ ನಿಂತಿದ್ದ. ಹೆಗಲ ಮೇಲಿನ ಬಾನಿಯನ್ನು ನೋಡಿದ್ದೇ ತಡ, ಎರಡೂ ಕೈ ಸೊಂಟದ ಮೇಲೆ ಹೋದವು. ಎಷ್ಟು ದಿನದಿಂದ ಕಾದಿದ್ದನೋ ಪುಣ್ಯಾತ್ಮ!

"ಮೊದಲ ಬಾಯಿಲೆ ಹೇಳು. ತಪ್ಪು ಏನು? ತಪ್ಪು ಯಾರ್ದು?"

"ಹಸಿ ತೊಗಲು ಕೊಯ್ದೆ. ನೀ ಹೇಳಿದಿ, ನಾ ಕೇಳಲಿಲ್ಲ. ತಪ್ಪು ನಂದು."

"ಇನ್ನೊಮ್ಮೆ ಹೇಳು, ಕಿವಿ ಮಂದ ಆಗೇತಿ."

"ತಪ್ಪು ನಂದು!" ಅಂತ ಹುಲಿಗೆವ್ವ ಕಿರುಚಿದ್ದು ಕೇರಿಯ ಆ ತುದಿಗೆ ಕೇಳಿತಂತೆ. ಗಾಳೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಮೆಟ್ಟು ಬಿಚ್ಚಿ ಕೆಂದನ ಕುತ್ತಿಗೆಯ ಪಟ್ಟಿಯನ್ನು ಕಿತ್ತು ಕೊಟ್ಟ. ಅವನ ಮೆಟ್ಟಿಗೆ ಬೇರೆ ಪಟ್ಟಿ ಹಾಕಿಕೊಡುವುದಾಗಿ ಹೇಳಿ ಹುಲಿಗೆವ್ವ ಮುಂದೆ ನಡೆದಳು.

ಯಮನಪ್ಪನ ಮನೆ. "ಮೊದಲ ಬಾಯಿಲೆ ಹೇಳು." ಹೇಳಿದಳು. ತಮಟೆಯ ತುಂಡು ಬಂತು. ದುರುಗವ್ವನ ಮನೆ. "ಮೊದಲ ಬಾಯಿಲೆ ಹೇಳು." ಅಲ್ಲಿಯೂ ಹೇಳಿದಳು. ತಿದಿಯ ಮೂತಿ ಬಂತು. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತ್ತು, ಈಗ ಸರಾಗವಾಗಿ ಬರುತ್ತಿತ್ತು. ದುರುಗವ್ವನ ಮನೆಯಲ್ಲಂತೂ ಹುಲಿಗೆವ್ವ ತಾನೂ ನಕ್ಕುಬಿಟ್ಟಳು.

ತುಂಡುಗಳು ಬಂದವು, ಈಗ ಅವಳ ಪಳಗಿದ ಕೈ ಕೆಲಸಕ್ಕೆ ಇಳಿಯಿತು. ಮೊದಲು ಒಂದೊಂದನ್ನೂ ಗಲ್ಲಕ್ಕೆ ಒತ್ತಿ ನೋಡಿದಳು. ತಣ್ಣಗಿರಲಿಲ್ಲ. ಅಂಚುಗಳನ್ನು ರಂಪಿಗೆಯಿಂದ ಹೆರೆದು ಎಲೆಯಷ್ಟು ತೆಳು ಮಾಡಿದಳು. ಮಾಡಿಗೆ ಹೆಂಚು ಹೊದಿಸುವ ಹಾಗೆ ಒಂದರ ಮೇಲೊಂದು ಅಂಚು ಬರುವಂತೆ ಜೋಡಿಸಿದಳು. ಸೀಳಿಹೋದ ಹಳೆಯ ತೂತುಗಳನ್ನು ಬಿಟ್ಟು, ಅದರಾಚೆ ಗಟ್ಟಿ ತೊಗಲಲ್ಲಿ ಹೊಸ ತೂತು ಹೊಡೆದು, ಮೇಣ ಹಚ್ಚಿದ ದಾರದಿಂದ ಜೋಡಿಹೊಲಿಗೆ ಹಾಕಿದಳು. ಈ ಸಲ ತೇಪೆಗಳಿಗೆ ಮಸಿ ಬಳಿಯಲಿಲ್ಲ. ತೇಪೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಿತ್ತು.

ಬಳೆ ಕೂರಿಸಿದಳು. ಇನ್ನೂ ಒಂದು ಅಂಗೈಯಷ್ಟು ಸಾಲದು!

ಹುಲಿಗೆವ್ವ ಬಾಗಿಲ ಕಡೆ ನೋಡಿದಳು. ಕಿವಿ ತೂಗುತ್ತಿತ್ತು. ಕೆಳಗೆ ಕೆಂದನೂ ತಲೆ ಎತ್ತಿ ಅದನ್ನೇ ನೋಡುತ್ತಿದ್ದ.

"ಮಾತು ಕೊಟ್ಟಿದ್ದು ಅದರಾಗ" ಅಂದಳು ಹುಲಿಗೆವ್ವ. "ತಗೊಳ್ಳೇನು?"

"ತಗೋ" ಅಂದ ಕೆಂದ. "ಮಾತೂ ನನ್ನ ಸಂಗಾಟ ಬಾವಿಗೆ ಇಳೀಲಿ."

ಕಿವಿಯನ್ನು ಬಾನಿಯ ಬಾಯಂಚಿಗೆ ಹೊಲಿದಳು. ಬಳೆ ಗಟ್ಟಿಯಾಗಿ ಕೂತಿತು. ಆಗ ಚಿಗರಿ ಕೆಮ್ಮಿತು. "ಎಲ್ಲಾರದೂ ಆತು. ನನ್ನ ಎಬ್ಬಿಸಿ ಕೂರಿಸ್ಯಾಳ, ನನ್ನ ಗತಿ ಏನು?"

ಹುಲಿಗೆವ್ವ ಈ ಸಲ ಹೆಸರು ಕೇಳಿ ತಿಳಿದುಕೊಂಡು, ಎಮ್ಮೆ ತೊಗಲಿನ ಕಿವಿ ಹಿಡಿದು ಕೇಳಿದಳು: "ಚಿಗರಿ, ಬಾನಿ ತಳ ಕಲ್ಲಿಗೆ ಬಡೀತೈತಿ. ಕೆಂದನ ತೊಗಲು ತೆಳು. ಹೊರಗಿಂದ ನೀ ಮೆಟ್ಟಿನಂಗ ಕಾವಲು ಇರ್ತಿಯೇನು?"

"ಮೊದಲ ಹಿಂಗ ಕೇಳಿದ್ರ ಬ್ಯಾಡ ಅಂತಿದ್ನೇನು?" ಅಂದಿತು ಚಿಗರಿ.

"ಇರ್ಲಿ, ನನಗೂ ಜತಿ ಬೇಕು" ಅಂದ ಕೆಂದ. ಹುಲಿಗೆವ್ವ ಎಮ್ಮೆ ತೊಗಲನ್ನು ಬಾನಿಯ ತಳಕ್ಕೆ ಹೊರಗಿಂದ ಹೊಲಿದಳು.

ಬಾವಿ ತೊಳೆಯುವ ದಿನ ಊರೆಲ್ಲ ಸೇರಿತ್ತಂತೆ. ತೇಪೆ ತೇಪೆಯ ಬಾನಿಯನ್ನು ನೋಡಿ ಕೆಲವರು ಮುಸಿಮುಸಿ ನಕ್ಕರು. ಹುಲಿಗೆವ್ವ ಎದೆ ಸೆಟೆಸಿ ನಿಂತಿದ್ದಳು. ಬಾನಿ ಇಳಿಯಿತು, ನೀರಲ್ಲಿ ಮುಳುಗಿತು. ಎತ್ತುಗಳು ಜಗ್ಗಿದವು, ಬಾನಿ ಮೇಲೆ ಬಂತು. ಹೊಲಿಗೆಹೊಲಿಗೆಗೂ ನೀರು ಸೋರಿ, ದಡ ಮುಟ್ಟುವಷ್ಟರಲ್ಲಿ ಅರ್ಧವೂ ಉಳಿದಿರಲಿಲ್ಲ.

"ಸೋರತೈತಿ!" ಅಂತ ಜನ ಕೂಗಿದರು. ಗಾಳೆಪ್ಪನ ಮುಖ ಬಾಡಿತು.

"ಸೋರವಲ್ದು" ಅಂದಳು ಹುಲಿಗೆವ್ವ ಗಟ್ಟಿಯಾಗಿ. "ಕುಡಿಯಾಕತ್ತಾನ. ಬಾಯಾರಿದವ ಮೊದಲ ತಾನು ಕುಡೀಲಿ, ಆಮ್ಯಾಲ ನಿಮಗ ಕೊಡ್ತಾನ. ಇನ್ನೊಮ್ಮೆ ಬಿಡ್ರಿ."

ಮತ್ತೆ ಇಳಿಬಿಟ್ಟರು. ಒಣತೊಗಲು ನೀರು ಕುಡಿದು ಉಬ್ಬಿತು, ದಾರ ಉಬ್ಬಿ ತೂತುಗಳನ್ನು ತುಂಬಿತು, ಅಂಚಿಗೆ ಅಂಚು ಕಚ್ಚಿಕೊಂಡಿತು. ಬಾನಿ ಮೇಲೆ ಬಂದಾಗ ತುಂಬಿ ತುಳುಕುತ್ತಿತ್ತು, ಒಂದು ಹನಿಯೂ ಸೋರಲಿಲ್ಲ. ತಳ ಕಲ್ಲಿಗೆ ಬಡಿಯಿತು, ಚಿಗರಿ ತಡೆದುಕೊಂಡಿತು.

ಸಂಕವ್ವ ಮೆಲ್ಲಗೆ ಹತ್ತಿರ ಬಂದಳು. ಬಾನಿಯ ಅಂಚಿನ ಕಿವಿಗೆ ಬಾಯಿ ಹಚ್ಚಿ ಕೇಳಿದಳು, "ಕೆಂದಾ, ಹೊಟ್ಟಿ ತುಂಬಿತೇನೋ ಮಗನ?"

ಬದುಕಿದ್ದಾಗ ಕುಡಿದು ತಲೆ ಎತ್ತಿ ಕಿವಿ ಝಾಡಿಸುತ್ತಿದ್ದನಲ್ಲ, ಹಾಗೆಯೇ ಆ ಕಿವಿ ಒಮ್ಮೆ ಝಾಡಿಸಿಕೊಂಡು ಮುದುಕಿಯ ಮುಖದ ತುಂಬ ನೀರು ಸಿಡಿಸಿತಂತೆ. ಸಂಕವ್ವ ಒರೆಸಿಕೊಳ್ಳಲಿಲ್ಲ. ನಗುತ್ತ ಅಳುತ್ತ ನಿಂತುಬಿಟ್ಟಳು. ಹುಲಿಗೆವ್ವ ಮನೆಗೆ ಬಂದು ನೋಡಿದರೆ ಹೊಸ್ತಿಲ ಬಳಿ ಯಾರೂ ಇರಲಿಲ್ಲ, ಎತ್ತಿನದೊಂದು, ಎಮ್ಮೆಯದೊಂದು, ಗೊರಸಿನ ಒದ್ದೆ ಗುರುತು ಕೇರಿಯಾಚೆಗೆ ಹೋಗಿತ್ತಂತೆ.

ಮರುದಿನ ಗಾಳೆಪ್ಪ ಮತ್ತೊಂದು ಕೆಟ್ಟ ಮೆಟ್ಟು ಹಿಡಿದು ಜಗಲಿಗೆ ಬಂದ. ಹುಲಿಗೆವ್ವ ಸೊಂಟದ ಮೇಲೆ ಕೈ ಇಟ್ಟು ಕೇಳುವುದನ್ನು ಕೇಳಿದಳು, ಬೈಯುವುದನ್ನು ಬೈದಳು, ತಿದ್ದುವುದನ್ನು ತಿದ್ದಿದಳು. ಕೊಡುವಾಗ ಮಾತ್ರ ಹಳೆಯ ಮಾತು ಬಿಟ್ಟು, "ನನ್ನ ಕೈಯಾಗೂ ಆಗತೈತಿ, ತಗೋ" ಅಂದಳು.

ಅವರೆಲ್ಲ ಕೆಂದ ಎತ್ತಿಕೊಟ್ಟ ನೀರು ಕುಡಿದು ಅಲ್ಲಿ ತಣ್ಣಗಿದ್ದರಂತೆ. ಇಷ್ಟು ಹೊತ್ತು ಹೇಳಿ ಹೇಳಿ ಇಲ್ಲಿ ನನ್ನ ಗಂಟಲು ಒಣಗಿದೆ, ಯಾರಾದರೂ ಎದ್ದು ಒಂದು ತಂಬಿಗೆ ನೀರು ಕೊಡಿ.